ಮೋಡ ಸರಿದಷ್ಟು ಹೊತ್ತು

ಆರಿದ್ರಾ ಮಳೆ ಹಿಡಿಯಿತೆಂದರೆ ಆಕಾಶದ ಫೋಟೊ ತೆಗೆಯುವ ನಮ್ಮ ಹವ್ಯಾಸಿಗಳು ಕ್ಯಾಮೆರಾ, ಟ್ರೈಪಾಡ್ ಎಲ್ಲವನ್ನೂ ಒಳಗಿಡುತ್ತಾರೆ. ಅವು ಮತ್ತೆ ಹೊರಬರುವುದು ದೀಪಾವಳಿಯ ಆಸುಪಾಸಿಗೆ. ವರ್ಷದಲ್ಲಿ ನಾಲ್ಕೈದು ತಿಂಗಳು ಬಾಗಿಲು ಹಾಕುವ ಹವ್ಯಾಸಕ್ಕೆ ದುಡ್ಡು, ನಿದ್ದೆ ಎರಡನ್ನೂ ಏಕೆ ಸುರಿಯಬೇಕು ಎಂದು ಹೊಸಬರು ಕೇಳಿದರೆ ತಪ್ಪಿಲ್ಲ. ಬೆಂಗಳೂರಿನಲ್ಲಂತೂ ಮುಂಗಾರಿನ ಕೊನೆಯ ತಿಂಗಳಾದ ಸೆಪ್ಟೆಂಬರಿನಲ್ಲೇ ಮಳೆ ಜೋರು, ಅದು ಮುಗಿಯುವಷ್ಟರಲ್ಲಿ ಹಿಂಗಾರಿನ ಮೋಡ. ವೃತ್ತಿನಿರತ ವಿಜ್ಞಾನಿಗಳು ಇದಕ್ಕೆ ಕಂಡುಕೊಂಡ ಪರಿಹಾರ ಮೋಡವಿಲ್ಲದ ಕಡೆ ಹೋಗುವುದು. ಕೋರಮಂಗಲದ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ 2 ಮೀಟರ್ ದೂರದರ್ಶಕ ಇರುವುದು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ. ಅದನ್ನು ನಡೆಸುವುದು ಹೊಸಕೋಟೆಯಲ್ಲಿ ಕುಳಿತು, ಉಪಗ್ರಹ ಸಂಪರ್ಕದ ಮೂಲಕ. ಮನೆಯ ತಾರಸಿಯೊಂದೇ ಗತಿಯಾದವರು ಬೇರೆ ಲೆಕ್ಕ ಹಾಕಬೇಕು. ಮೋಡದ ಸೀಮೆಯಲ್ಲಿ ನಮಗೆ ಕೊರತೆಯಾಗಿರುವುದು ದೊಡ್ಡ ಲೆನ್ಸ್ ಅಲ್ಲ, ತಿಳಿಯಾದ ನಿಮಿಷಗಳು. ಆ ನಿಮಿಷಗಳನ್ನು ಪೋಲಾಗದಂತೆ ಹಿಡಿಯಲು ಕೈಯಾರೆ ಮಾಡಿಕೊಂಡ ಸರಳ ಉಪಕರಣವೇ ಹೆಚ್ಚು ಯೋಗ್ಯ ಎಂಬುದು ನನ್ನ ವಾದ.

ಮೋಡ ಕವಿಯುವ ನಾಡು ಈ ಕೆಲಸಕ್ಕಲ್ಲ ಎನ್ನುವವರಿಗೆ ಚರಿತ್ರೆಯೇ ಉತ್ತರ ಕೊಡುತ್ತದೆ. ಮಹಾವ್ಯಾಧ ನೀಹಾರಿಕೆಯಲ್ಲಿ ಕಣ್ಣಿಗೆ ಕಾಣದ ವಿವರಗಳನ್ನೂ ಹಿಡಿದ ಚಿತ್ರವನ್ನು 1883ರಲ್ಲಿ ತೆಗೆದ ಆಂಡ್ರೂ ಕಾಮನ್ ವೃತ್ತಿಯಿಂದ ಎಂಜಿನಿಯರ್. ಅವರ 36 ಅಂಗುಲದ ದೂರದರ್ಶಕ ಇದ್ದದ್ದು ಲಂಡನ್ನಿನ ಈಲಿಂಗ್‌ನ ತಮ್ಮ ಮನೆಯಲ್ಲಿ. ದೇವಯಾನಿ ಗೆಲಾಕ್ಸಿಯ ಸುರುಳಿ ರಚನೆಯನ್ನು ಫೋಟೊದಲ್ಲಿ ತೋರಿಸಿಕೊಟ್ಟ ಐಸಾಕ್ ರಾಬರ್ಟ್ಸ್ ಕಟ್ಟಡದ ಕಂಟ್ರಾಕ್ಟರ್. 1888ರ ಡಿಸೆಂಬರಿನಲ್ಲಿ ಆ ಚಿತ್ರ ತೆಗೆದದ್ದು ಲಿವರ್‌ಪೂಲ್ ಹತ್ತಿರದ ಮಗಲ್ ಎಂಬಲ್ಲಿ. ಎರಡೂ ಮಳೆ, ಮಂಜು, ಕಲ್ಲಿದ್ದಲ ಹೊಗೆಯ ಜಾಗಗಳು. ಮೇಲಾಗಿ ಇವರಿಗೆ ನಮ್ಮ ಕಾಲದ ದೊಡ್ಡ ಅನುಕೂಲವೇ ಇರಲಿಲ್ಲ. ಗಾಜಿನ ಫಲಕದ ಮೇಲೆ ಒಮ್ಮೆ ಬಿದ್ದ ಬೆಳಕನ್ನು ಬಿಡಿಸಿ ತೆಗೆಯಲಾಗದು. ನಡುವೆ ಕೆಟ್ಟರೆ ಇಡೀ ಫಲಕ ಕೆಟ್ಟಂತೆ. ಈಗ ಒಂದೊಂದು ನಿಮಿಷದ ನೂರು ಚಿತ್ರ ತೆಗೆದು, ಮೋಡ ಹಾದ ಮೂವತ್ತನ್ನು ಎಸೆದು, ಉಳಿದ ಎಪ್ಪತ್ತನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಬಹುದು. ಇದಕ್ಕೇ ಸ್ಟ್ಯಾಕಿಂಗ್ ಎನ್ನುವುದು. ಈ ವರ್ಷದ ಜನವರಿಯ ಇಪ್ಪತ್ತು ನಿಮಿಷಕ್ಕೆ ಮುಂದಿನ ವರ್ಷದ ಜನವರಿಯ ನಲವತ್ತು ನಿಮಿಷವನ್ನು ಸೇರಿಸಿದರೂ ನಡೆಯುತ್ತದೆ.

ಸ್ಟ್ಯಾಕಿಂಗ್‌ನ ಗಣಿತದಲ್ಲೇ ಮೋಡದ ನಾಡಿನವರಿಗೆ ಒಂದು ಸಮಾಧಾನವಿದೆ. ಅದನ್ನು ಯಾರೂ ಸಾಕಷ್ಟು ಒತ್ತಿ ಹೇಳುವುದಿಲ್ಲ. ಚಿತ್ರಗಳನ್ನು ಕೂಡಿಸಿದಂತೆ ನಾಯ್ಸ್, ಅಂದರೆ ಕತ್ತಲ ಭಾಗದಲ್ಲಿ ಮರಳು ಎರಚಿದಂತೆ ಕಾಣುವ ಒರಟು, ಚಿತ್ರಗಳ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ತಗ್ಗುತ್ತದೆ. ಒಂದು ಗಂಟೆಯ ಬೆಳಕು ಕೂಡಿಸಿದವರ ಚಿತ್ರಕ್ಕಿಂತ ನಾಲ್ಕು ಗಂಟೆ ಕೂಡಿಸಿದವರದ್ದು ನಾಲ್ಕು ಪಟ್ಟಲ್ಲ, ಎರಡೇ ಪಟ್ಟು ನಯ. ಹದಿನಾರು ಗಂಟೆ ಕೂಡಿಸಿದರೂ ನಾಲ್ಕೇ ಪಟ್ಟು. ಮರುಭೂಮಿಯಲ್ಲಿ ರಾತ್ರಿಗಟ್ಟಲೆ ತಿಳಿ ಆಕಾಶ ಇರುವವರು ಕೊನೆಯ ಗಂಟೆಗಳಲ್ಲಿ ಪಡೆಯುವುದು ತೀರ ಅಲ್ಪ. ಎಲ್ಲಕ್ಕಿಂತ ಹೆಚ್ಚು ಗಳಿಕೆ ಮೊದಲ ಒಂದು ಗಂಟೆಯದ್ದು, ಮತ್ತು ಅಷ್ಟನ್ನು ಹೇಗಾದರೂ ಮಾಡಿ ಮೋಡದ ಸಂದಿಯಿಂದ ಹೆಕ್ಕಿಕೊಳ್ಳಬಹುದು.

ಆದರೆ ಸಂದಿ ತೆರೆದಾಗ ಉಪಕರಣ ಸಿದ್ಧವಿರಬೇಕಲ್ಲ? ಭಾರವಾದ ದೂರದರ್ಶಕ, ಮೋಟಾರಿನ ಪೀಠ, ತೂಕದ ಗುಂಡುಗಳು, ಬ್ಯಾಟರಿ, ಕೇಬಲ್ಲುಗಳನ್ನು ತಾರಸಿಗೆ ಹೊತ್ತು, ಜೋಡಿಸಿ, ಧ್ರುವಕ್ಕೆ ಹೊಂದಿಸಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಸಂದಿ ಮುಚ್ಚಿರುತ್ತದೆ. ಇದಕ್ಕೆ ಪರ್ಯಾಯವಾಗಿ ಎರಡು ಹಲಗೆ, ಒಂದು ಬಾಗಿಲ ಕೀಲು, ಒಂದು ಬೋಲ್ಟ್ ಸಾಕೆಂದು ತೋರಿಸಿದವರು ಸ್ಕಾಟ್ಲೆಂಡಿನ ಜಿ.ವೈ. ಹೇಗ್, 1970ರ ದಶಕದಲ್ಲಿ. ಬಾರ್ನ್ ಡೋರ್ ಟ್ರ್ಯಾಕರ್ ಎಂದು ಹೆಸರಾದ ಈ ಸಾಧನ ಹುಟ್ಟಿದ್ದು ಮೋಡದ ನಾಡಿನಲ್ಲೇ ಎಂಬುದು ನನಗೆ ಆಕಸ್ಮಿಕವಾಗಿ ಕಾಣುವುದಿಲ್ಲ. ಭೂಮಿ ತಿರುಗುವುದರಿಂದ ನಕ್ಷತ್ರಗಳು ಗಂಟೆಗೆ 15 ಡಿಗ್ರಿ ಸರಿಯುತ್ತವೆ. ಹಾಗಾಗಿ 50 ಮಿಮೀ ಲೆನ್ಸನ್ನು ಬರಿಯ ಟ್ರೈಪಾಡಿನ ಮೇಲಿಟ್ಟರೆ ಹತ್ತು ಸೆಕೆಂಡಿಗೇ ಚುಕ್ಕಿಗಳು ಗೆರೆಗಳಾಗುತ್ತವೆ. 1 ಮಿಮೀ ಮರೆಯ 6 ಮಿಮೀ ಬೋಲ್ಟನ್ನು ಕೀಲಿನಿಂದ 228.5 ಮಿಮೀ ದೂರದಲ್ಲಿ ಕೂರಿಸಿ, ಗಡಿಯಾರ ನೋಡುತ್ತ ಹದಿನೈದು ಸೆಕೆಂಡಿಗೆ ಕಾಲು ಸುತ್ತಿನಂತೆ ತಿರುಗಿಸಿದರೆ ಕ್ಯಾಮೆರಾ ಹೊತ್ತ ಮೇಲಿನ ಹಲಗೆ ಆಕಾಶದ ವೇಗದಲ್ಲೇ ಏಳುತ್ತದೆ. ಹತ್ತು ಸೆಕೆಂಡಿನ ಮಿತಿ ಎರಡು ಮೂರು ನಿಮಿಷಕ್ಕೆ ಹಿಗ್ಗುತ್ತದೆ. ಬೋಲ್ಟ್ ನೇರವಾಗಿರುವುದರಿಂದ ಹೊತ್ತು ಕಳೆದಂತೆ ವೇಗದಲ್ಲಿ ಸಣ್ಣ ದೋಷ ಬೆಳೆಯುತ್ತದೆ ನಿಜ; ಪ್ರತಿ ಹತ್ತು ನಿಮಿಷಕ್ಕೊಮ್ಮೆ ಬೋಲ್ಟನ್ನು ಹಿಂದಕ್ಕೆ ತಿರುಗಿಸಿ ಮೊದಲಿನಿಂದ ಶುರುಮಾಡಿದರಾಯಿತು. ನಮ್ಮಲ್ಲಿನ ನಿಜವಾದ ತೊಡಕು ಬೇರೆ. ಕೀಲಿನ ಅಕ್ಷ ಧ್ರುವದತ್ತ ಇರಬೇಕು, ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ಇರುವುದು ಉತ್ತರ ದಿಗಂತದಿಂದ ಬರೀ 13 ಡಿಗ್ರಿ ಮೇಲೆ. ಎದುರಿನ ಕಟ್ಟಡವೋ ತೆಂಗಿನ ಮರವೋ ಅದನ್ನು ಮರೆಮಾಡಿರುತ್ತದೆ. ಹಾಗಾಗಿ ಹಲಗೆಯನ್ನು ಊರಿನ ಅಕ್ಷಾಂಶದ ಕೋನದಲ್ಲೇ ಕತ್ತರಿಸಿದ ಮರದ ಬೆಣೆಯ ಮೇಲೆ ಕೂರಿಸಿ, ನಿಜ ಉತ್ತರದ ಗೆರೆಯನ್ನು ತಾರಸಿಯ ನೆಲದ ಮೇಲೆ ಬಣ್ಣದಲ್ಲಿ ಎಳೆದಿಡಬೇಕು. ಸಂದಿ ತೆರೆದಾಗ ಹುಡುಕಾಟವಿಲ್ಲ; ಗೆರೆಯ ಮೇಲೆ ಇಟ್ಟು ಶುರುಮಾಡುವುದಷ್ಟೇ.

ಮಳೆಗಾಲ ನಮ್ಮಿಂದ ಕಸಿದುಕೊಳ್ಳುವುದೇನು ಎಂಬುದನ್ನೂ ಸರಿಯಾಗಿ ಅಳೆಯಬೇಕು. ನಮ್ಮ ರೈತರು ಮಳೆಗೆ ಇಟ್ಟ ಹೆಸರುಗಳು ಆಯಾ ಹೊತ್ತಿಗೆ ಸೂರ್ಯ ಇರುವ ನಕ್ಷತ್ರದವು. ಹಾಗಾಗಿ ಆರಿದ್ರಾ ಮಳೆಯಲ್ಲಿ ಆರ್ದ್ರಾ ನಕ್ಷತ್ರ ಕಾಣದಿರುವುದಕ್ಕೆ ಕಾರಣ ಮೋಡವಲ್ಲ, ಅದು ಹಗಲಿನಲ್ಲಿರುತ್ತದೆ. ಮಹಾವ್ಯಾಧ, ಕೃತ್ತಿಕೆಯಂಥ ಸಂಪತ್ತೆಲ್ಲ ರಾತ್ರಿಯಲ್ಲಿ ಕಾಣುವುದು ಡಿಸೆಂಬರಿನಿಂದ ಫೆಬ್ರುವರಿವರೆಗೆ, ನಮ್ಮ ಒಣ ತಿಂಗಳುಗಳಲ್ಲೇ. ನಿಜವಾದ ನಷ್ಟ ಒಂದೇ, ಧನು ರಾಶಿಯ ಕಡೆಯ ಆಕಾಶಗಂಗೆಯ ನಡುಭಾಗ. ಜೂನ್, ಜುಲೈ ರಾತ್ರಿಗಳಲ್ಲೇ ಅದು ಎತ್ತರಕ್ಕೆ ಬರುವುದು. ಅದಕ್ಕೂ ದಾರಿಯಿದೆ. ಮಾರ್ಚ್, ಏಪ್ರಿಲ್‌ನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದರೆ ಅದು ಆಗ್ನೇಯ-ದಕ್ಷಿಣ ದಿಕ್ಕುಗಳಲ್ಲಿ ಮೇಲೇರಿರುತ್ತದೆ. ಮಾವಿನ ಮಳೆ ಸಾಮಾನ್ಯವಾಗಿ ಮಧ್ಯಾಹ್ನ, ಸಂಜೆ ಸುರಿದು ತೀರುತ್ತದೆ. ಗಾಳಿಯಲ್ಲಿನ ದೂಳು ತೊಳೆದುಹೋದ ಆ ಜಾವದ ಕಪ್ಪು ಬೇಸಿಗೆಯ ಬೇರೆ ರಾತ್ರಿಗಳಿಗೆ ಬಾರದು.

ಗ್ರಹಗಳ ವಿಷಯದಲ್ಲಿ ಮೋಡ ಇನ್ನೂ ಸಣ್ಣ ಅಡ್ಡಿ. ಗುರು ಹತ್ತು ಗಂಟೆಗೂ ಮೊದಲೇ ತನ್ನ ಸುತ್ತ ಒಂದು ಸುತ್ತು ಮುಗಿಸುವುದರಿಂದ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತಿನ ವಿಡಿಯೊ ಕೂಡಿಸಿದರೆ ಅದರ ಪಟ್ಟೆಗಳು ಕಲಸಿಹೋಗುತ್ತವೆ. ಅಂದರೆ ಅಲ್ಲಿ ಬೇಕಾದದ್ದೇ ಎರಡು ನಿಮಿಷ. ಆ ವಿಡಿಯೊದ ಸಾವಿರಾರು ಚಿತ್ರಗಳಲ್ಲಿ ಗಾಳಿ ಅಲುಗದ ಕ್ಷಣಗಳ ಚಿತ್ರಗಳನ್ನು ಮಾತ್ರ ಆರಿಸಿ ಕೂಡಿಸುತ್ತಾರೆ. ಗುರುವಿನ ಮೇಲಿನ ಒಂದು ಬಿಳಿ ಸುಳಿ ಕೆಂಪಾದದ್ದನ್ನು 2006ರಲ್ಲಿ ಮೊದಲು ಗುರುತಿಸಿದ ಹವ್ಯಾಸಿ ಕ್ರಿಸ್ಟಫರ್ ಗೊ ಅವರ ಊರು ಫಿಲಿಪ್ಪೀನ್ಸಿನ ಸೆಬು, ನಮ್ಮ ಕರಾವಳಿಯಂತೆ ಸೆಖೆ, ಮಳೆಯ ಜಾಗ. 2009ರ ಜುಲೈನಲ್ಲಿ ಗುರುವಿಗೆ ಏನೋ ಬಡಿದ ಕಲೆಯನ್ನು ಆಸ್ಟ್ರೇಲಿಯದ ಆಂಥನಿ ವೆಸ್ಲಿ ಕಂಡದ್ದು ಮನೆಯಲ್ಲೇ ಕಟ್ಟಿದ ದೂರದರ್ಶಕದಲ್ಲಿ. ಹಬಲ್ ಚಿತ್ರಗಳು ಮೊಬೈಲಿನಲ್ಲೇ ಸಿಗುವಾಗ ಇದೆಲ್ಲ ಏಕೆ ಎನ್ನುವವರು ಇದನ್ನು ಗಮನಿಸಬೇಕು: ಹಬಲ್ ಆ ಕಲೆಯತ್ತ ತಿರುಗಿದ್ದು ವೆಸ್ಲಿ ಹೇಳಿದ ಮೇಲೆ.

ಮೋಡ ಪೂರ್ತಿ ಮುಚ್ಚಿದ ರಾತ್ರಿಗೂ ಕೆಲಸವಿದೆ. ಲೆನ್ಸಿನ ಮುಚ್ಚಳ ಹಾಕಿ, ಅದೇ ತಾಪಮಾನದಲ್ಲಿ, ಅಷ್ಟೇ ಹೊತ್ತಿನ ಕತ್ತಲ ಚಿತ್ರಗಳನ್ನು ತೆಗೆದಿಟ್ಟರೆ ಸೆನ್ಸರಿನ ಸ್ವಂತ ದೋಷಗಳನ್ನು ಆಮೇಲೆ ಕಳೆಯಬಹುದು. ಲೆನ್ಸಿನ ಅಂಚಿನ ಮಬ್ಬು, ದೂಳಿನ ಕಲೆ ತೆಗೆಯಲು ಏಕರೂಪವಾಗಿ ಬೆಳಗಿದ ಬಿಳಿ ಹಿನ್ನೆಲೆಯ ಚಿತ್ರ ಬೇಕು; ಮೋಡ ಕವಿದ ಬೆಳಗಿನ ಆಕಾಶಕ್ಕಿಂತ ಒಳ್ಳೆಯ ಹಿನ್ನೆಲೆ ಇಲ್ಲ, ರಾತ್ರಿಯ ಫೋಕಸ್ ಕದಲಿರಬಾರದು ಅಷ್ಟೆ. 330 ಓಮಿನ ಹತ್ತು ರೆಸಿಸ್ಟರುಗಳನ್ನು ಪಟ್ಟಿಯೊಂದರಲ್ಲಿ ಸಮಾಂತರವಾಗಿ ಬೆಸೆದು 12 ವೋಲ್ಟ್ ಕೊಟ್ಟರೆ ನಾಲ್ಕು ವ್ಯಾಟಿನಷ್ಟು ಬಿಸಿ. ಲೆನ್ಸಿಗೆ ಸುತ್ತಿದರೆ ಇಬ್ಬನಿ ಕೂರದು. ಮಲೆನಾಡು, ಕರಾವಳಿಯವರಿಗೆ ಮೋಡಕ್ಕಿಂತ ದೊಡ್ಡ ಶತ್ರು ಲೆನ್ಸಿನೊಳಗಿನ ಬೂಷ್ಟು. ಗಾಳಿಯಾಡದ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್, ಆಗಾಗ ಬಿಸಿಮಾಡಿ ಒಣಗಿಸಿದ್ದು, ಇಷ್ಟನ್ನು ತಪ್ಪಿಸಬಾರದು.

ಗಟ್ಟಿಯಾದ ಆಕ್ಷೇಪ ಒಂದು ಉಳಿಯುತ್ತದೆ. ಗುಂಡಿ ಒತ್ತಿದರೆ ತಾನೇ ಆಕಾಶ ಗುರುತಿಸಿ, ತಾನೇ ಚಿತ್ರ ಕೂಡಿಸುವ ಪುಟ್ಟ ಸ್ಮಾರ್ಟ್ ದೂರದರ್ಶಕಗಳು ಬಂದಿವೆ. ನಿಮಿಷಗಳೇ ಮುಖ್ಯವಾದರೆ ಅವೇ ಮೇಲಲ್ಲವೇ? ವೇಗದಲ್ಲಿ ಮೇಲೇ, ಒಪ್ಪುತ್ತೇನೆ. ಹತ್ತಾರು ಸೆಕೆಂಡಿನ ಚಿತ್ರಗಳನ್ನು ಕೂಡಿಸುವ ಅವುಗಳ ವಿಧಾನವೂ ಇಲ್ಲಿ ಹೇಳಿದ್ದೇ. ಆದರೆ ಅವುಗಳ ಮಾಲೀಕರಿಗೆ ಮೋಡದ ರಾತ್ರಿ ಬರೀ ಖಾಲಿ ರಾತ್ರಿ. ಮಾಡಲು ಏನೂ ಉಳಿದಿರುವುದಿಲ್ಲ. ತಾನೇ ಹಲಗೆ ಕೊಯ್ದವರಿಗೆ ಚುಕ್ಕಿ ಏಕೆ ಉದ್ದವಾಯಿತು, ದೋಷ ಕೀಲಿನದ್ದೋ ಬೆಣೆಯದ್ದೋ ಎಂಬುದು ಗೊತ್ತು, ತಿದ್ದಲು ಮಳೆಗಾಲವಿಡೀ ಬಿಡುವುಂಟು. ಈಗ ಮರ, ಕೀಲು, ಬೋಲ್ಟ್ ತಂದು ಶುರುಮಾಡಿದರೆ ದೀಪಾವಳಿಯ ಹೊಗೆ ಕರಗಿದ ಮೇಲಿನ ಕಾರ್ತಿಕದ ಅಮಾವಾಸ್ಯೆಗೆ ಎಲ್ಲ ಸಿದ್ಧವಾಗಿರುತ್ತದೆ. ಆ ಹೊತ್ತಿಗೆ ರಾತ್ರಿ ಊಟದ ಸಮಯಕ್ಕೆ ದೇವಯಾನಿ ಉತ್ತರದಲ್ಲಿ, 62 ಡಿಗ್ರಿ ಎತ್ತರದಲ್ಲಿ ಇರುತ್ತದೆ. 50 ಮಿಮೀ ಲೆನ್ಸಿನಲ್ಲಿ ಎರಡು ನಿಮಿಷದ ಮೂವತ್ತು ಚಿತ್ರ ತೆಗೆಯಿರಿ.