ಲಿವಿನ್ಯೊದ ಸಂಜೆ: ಅಗ್ಗವಾದದ್ದು ಬಾಟಲಿ, ಒಳ್ಳೆಯದಾದದ್ದು ಕೌಂಟರು

ಆಲ್ಪ್ಸ್ ಪರ್ವತದ ಸ್ಕೀ ಊರುಗಳಿಗೆ ಹೊರಡುವವರು ಲಿಫ್ಟ್ ಪಾಸು, ಬಾಡಿಗೆಯ ಬೂಟು, ಕೋಣೆ ಎಲ್ಲದರ ಲೆಕ್ಕವನ್ನೂ ಮೊದಲೇ ಹಾಕಿಕೊಂಡಿರುತ್ತಾರೆ. ಲೆಕ್ಕ ತಪ್ಪುವುದು ಸಂಜೆಯಲ್ಲಿ. ಸ್ವಿಟ್ಜರ್ಲೆಂಡಿನ ಝೆರ್ಮಾಟ್, ವೆರ್ಬಿಯೇ ಊರುಗಳಲ್ಲಿ ನಾಲ್ಕು ಜನ ಗೆಳೆಯರು ಎರಡೆರಡು ಸುತ್ತು ಬಿಯರ್ ಕುಡಿದು ಎದ್ದರೆ ಹೆಚ್ಚುಕಡಿಮೆ ಒಂದು ದಿನದ ಲಿಫ್ಟ್ ಪಾಸಿನಷ್ಟು ಹಣ ಮೇಜಿನ ಮೇಲೆಯೇ ಉಳಿಯುತ್ತದೆ. ಹಾಗಾಗಿ ಕಡಿಮೆ ಸಂಬಳದವರು, ವಿದ್ಯಾರ್ಥಿಗಳು, ಯುರೋಪಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು ಹಗಲು ಬೆಟ್ಟದಲ್ಲಿ ಕಳೆದು ಸಂಜೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಇಂಥವರೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಹೆಸರು ಇಟಲಿಯ ಲಿವಿನ್ಯೊ. ಅಲ್ಲಿ ಸುಂಕವಿಲ್ಲ, ಆದ್ದರಿಂದ ಕುಡಿಯುವುದು ಅಗ್ಗ, ಆದ್ದರಿಂದ ರಾತ್ರಿ ಚೆನ್ನ ಎನ್ನುವುದು ಅವರ ಮಾತು. ರಾತ್ರಿ ಚೆನ್ನ ಎನ್ನುವುದನ್ನು ನಾನು ಒಪ್ಪುತ್ತೇನೆ. ಅದಕ್ಕೆ ಕೊಡುವ ಕಾರಣವನ್ನು ಒಪ್ಪುವುದಿಲ್ಲ. ಲಿವಿನ್ಯೊದ ಸಂಜೆಯನ್ನು ಕಟ್ಟಿರುವುದು ಸುಂಕದ ವಿನಾಯಿತಿಯಲ್ಲ. ಆ ವಿನಾಯಿತಿ ಕೆಲವು ಕಡೆ ಸಂಜೆಯನ್ನು ಕೆಡಿಸುತ್ತಲೂ ಇದೆ.

ಊರಿನ ಪರಿಚಯವಿಲ್ಲದೆ ಈ ಮಾತು ಅರ್ಥವಾಗದು. ಲೊಂಬಾರ್ದಿಯ ಸೊಂದ್ರಿಯೊ ಪ್ರಾಂತ್ಯದಲ್ಲಿ, ಸ್ವಿಟ್ಜರ್ಲೆಂಡಿನ ಗಡಿಗೆ ಅಂಟಿಕೊಂಡು, 1,816 ಮೀಟರ್ ಎತ್ತರದ ಉದ್ದನೆಯ ಕಣಿವೆಯಲ್ಲಿ ಲಿವಿನ್ಯೊ ಇದೆ. ಇಟಲಿಯ ಕಡೆಯಿಂದ ಬರಬೇಕಾದರೆ 2,291 ಮೀಟರ್ ಎತ್ತರದ ಫೊಸ್ಕಾನ್ಯೊ ಕಣಿವೆಮಾರ್ಗ ದಾಟಬೇಕು. ಸ್ವಿಟ್ಜರ್ಲೆಂಡಿನ ಕಡೆಯಿಂದಾದರೆ ಅಣೆಕಟ್ಟು ಕಟ್ಟುವುದಕ್ಕಾಗಿ 1960ರ ದಶಕದಲ್ಲಿ ಕೊರೆದ ಮುಂಟ್ ಲಾ ಶೆರಾ ಸುರಂಗವಿದೆ. ಒಂದೇ ಸಾಲಿನ ದಾರಿ, ಹೋಗುವವರು ಬರುವವರಿಗಾಗಿ ಕಾಯಬೇಕು, ಹಣವನ್ನೂ ಕಟ್ಟಬೇಕು. ಮೂರನೆಯ ದಾರಿಯಾದ ಫೋರ್ಕೊಲಾ ಚಳಿಗಾಲದಲ್ಲಿ ಮುಚ್ಚಿರುತ್ತದೆ. 1950ರ ದಶಕದಲ್ಲಿ ಫೊಸ್ಕಾನ್ಯೊ ರಸ್ತೆಯ ಹಿಮವನ್ನು ಚಳಿಗಾಲವಿಡೀ ಸರಿಸತೊಡಗುವವರೆಗೂ ಈ ಜನ ವರ್ಷದ ಅರ್ಧಭಾಗ ಹೊರಲೋಕದಿಂದ ಕಡಿದುಕೊಂಡೇ ಬದುಕಿದ್ದರು. ಹುಲ್ಲು, ಹಸು, ಮರ ಬಿಟ್ಟರೆ ಬೇರೇನೂ ಇಲ್ಲದ ಇಂಥ ಕಣಿವೆಯಲ್ಲಿ ಜನ ಉಳಿಯಲಿ ಎಂದೇ ಅವರಿಗೆ ಸುಂಕದ ರಿಯಾಯಿತಿ ದೊರೆಯಿತು. ನೆಪೋಲಿಯನ್ ಕಾಲದಲ್ಲಿ, 1805ರಲ್ಲಿ, ಕೊಟ್ಟದ್ದನ್ನು ಆಮೇಲೆ ಬಂದ ಆಸ್ಟ್ರಿಯದ ಆಳ್ವಿಕೆ ಉಳಿಸಿಕೊಂಡಿತು, 1910ರಲ್ಲಿ ಇಟಲಿ ಕಾನೂನು ಮಾಡಿ ಗಟ್ಟಿಗೊಳಿಸಿತು. ಇಂದಿಗೂ ಲಿವಿನ್ಯೊದಲ್ಲಿ ವ್ಯಾಟ್ ಇಲ್ಲ, ಅಬಕಾರಿ ಸುಂಕವಿಲ್ಲ. ಪೆಟ್ರೋಲು, ಸಿಗರೇಟು, ಸುಗಂಧ, ಮದ್ಯ ಎಲ್ಲವೂ ಕೆಳಗಿನ ಊರುಗಳಿಗಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಬದುಕುವುದೇ ಕಷ್ಟವಾಗಿದ್ದ ಊರಿಗೆ ಕೊಟ್ಟ ಆಸರೆ ಇದು ಎಂಬುದನ್ನು ನೆನಪಿಟ್ಟುಕೊಂಡರೆ, ವಿನಾಯಿತಿಯ ಬಗ್ಗೆ ಅಸೂಯೆಪಡುವುದಕ್ಕೆ ಮನಸ್ಸು ಬಾರದು.

ಈಗ ಗ್ಲಾಸಿನ ಲೆಕ್ಕಕ್ಕೆ ಬರೋಣ. ಇಟಲಿಯಲ್ಲಿ ಶುದ್ಧ ಆಲ್ಕೋಹಾಲಿನ ಪ್ರತಿ ನೂರು ಲೀಟರಿಗೆ ಸುಮಾರು 1,035 ಯೂರೋ ಅಬಕಾರಿ ಸುಂಕವಿದೆ. ಶೇ. 40ರ ಜಿನ್ ಅಥವಾ ವಿಸ್ಕಿಯ ಒಂದು ಲೀಟರ್ ಬಾಟಲಿಯಲ್ಲಿ ಇದು ನಾಲ್ಕು ಯೂರೋಗೆ ಸ್ವಲ್ಪ ಮೇಲೆ. ಅದರ ಮೇಲೆ ಅಂಗಡಿಯಲ್ಲಿ ಶೇ. 22ರ ವ್ಯಾಟ್ ಬೀಳುತ್ತದೆ. ಎರಡನ್ನೂ ತೆಗೆದುಹಾಕಿದರೆ ಬಾಟಲಿ ಕಣ್ಣಿಗೆ ಕಾಣುವಷ್ಟು ಅಗ್ಗವಾಗುತ್ತದೆ. ಆದರೆ ಅದೇ ಬಾಟಲಿಯಿಂದ ಬಾರಿನಲ್ಲಿ 40 ಮಿಲಿಲೀಟರಿನ ಇಪ್ಪತ್ತೈದು ಪೆಗ್ ಹೊರಡುತ್ತವೆ; ಒಂದು ಪೆಗ್ಗಿನ ಪಾಲಿಗೆ ಬರುವ ಅಬಕಾರಿ ಸುಂಕ ಹದಿನೇಳು ಸೆಂಟು ಮಾತ್ರ. ವೈನಿನ ಮೇಲಂತೂ ಇಟಲಿಯಲ್ಲಿ ಎಲ್ಲಿಯೂ ಅಬಕಾರಿ ಸುಂಕವೇ ಇಲ್ಲ. ಬಾರಿನಲ್ಲಿ ಕೂತು ಕುಡಿಯುವುದಕ್ಕೆ ಉಳಿದ ಇಟಲಿಯಲ್ಲಿ ವ್ಯಾಟ್ ಶೇ. 10. ಅಂದರೆ ಆರು ಯೂರೋ ಬೆಲೆಯ, ವೈನ್ ಮತ್ತು ಸೋಡಾ ಬೆರೆಸಿದ ಸ್ಪ್ರಿಟ್ಸ್‌ನಲ್ಲಿ ತೆರಿಗೆಯೆಂದು ಹೋಗುವುದು ಸುಮಾರು ಅರ್ಧ ಯೂರೋ. ಸುಂಕದ ಗಡಿಯಾಚೆಯ ಬೋರ್ಮಿಯೊದಲ್ಲಿ ಕುಡಿದರೂ ಜೇಬಿಗೆ ದೊಡ್ಡ ವ್ಯತ್ಯಾಸ ತಿಳಿಯುವುದಿಲ್ಲ. ಅದೇ ಸುರಂಗ ದಾಟಿ ಸೇಂಟ್ ಮೊರಿಟ್ಸ್‌ನಲ್ಲಿ ಕೂತರೆ ಚೆನ್ನಾಗಿ ತಿಳಿಯುತ್ತದೆ. ಗ್ಲಾಸಿನ ಬೆಲೆಯನ್ನು ತೀರ್ಮಾನಿಸುವುದು ಸುಂಕಕ್ಕಿಂತ ಹೆಚ್ಚಾಗಿ ಆ ನೆಲದ ಬಾಡಿಗೆ, ಸಂಬಳ, ಎಲ್ಲಕ್ಕಿಂತ ಮೇಲಾಗಿ ಅಲ್ಲಿನವರ ಕುಡಿಯುವ ರೀತಿ.

ಆ ರೀತಿಗೆ ಇಟಲಿಯವರು ಅಪೆರಿತಿವೊ ಎನ್ನುತ್ತಾರೆ. ಕೆಲಸ ಮುಗಿದ ಮೇಲೆ, ರಾತ್ರಿಯ ಊಟಕ್ಕೆ ಮೊದಲು, ಹಸಿವು ಕೆರಳಲೆಂದು ತೆಗೆದುಕೊಳ್ಳುವ ಒಂದು ಗ್ಲಾಸು. ಅದರಲ್ಲಿ ಪ್ರೊಸೆಕ್ಕೊ, ಸೋಡಾ, 1919ರಲ್ಲಿ ಪಾದುವಾದಲ್ಲಿ ಹುಟ್ಟಿದ ಅಪೆರೋಲ್ ಇರಬಹುದು. ಅದಕ್ಕಿಂತ ಕಹಿಯಾದ ಕಂಪಾರಿ ಇರಬಹುದು. ಬರೀ ವಾಲ್ತೆಲ್ಲಿನಾ ಕಣಿವೆಯ ಕೆಂಪು ವೈನ್ ಇರಬಹುದು. ಗ್ಲಾಸಿನ ಜೊತೆಗೆ ನಂಜಿಕೊಳ್ಳಲು ಏನಾದರೂ ಬಂದೇ ಬರುತ್ತದೆ. ಆಲಿವ್, ಚಿಪ್ಸ್, ಸಣ್ಣ ಬ್ರೆಡ್ ತುಣುಕು, ಕೆಲವೆಡೆ ಗಿಣ್ಣು. ಇದಕ್ಕೆ ಬೇರೆ ಬಿಲ್ಲಿಲ್ಲ. ಲಿವಿನ್ಯೊದಲ್ಲಿ ಐದು ಗಂಟೆಯಿಂದ ಏಳೂವರೆಯ ತನಕ ಊರಿಗೆ ಊರೇ ಈ ಕೆಲಸದಲ್ಲಿರುತ್ತದೆ. ಕೌಂಟರಿನ ಒಂದು ತುದಿಯಲ್ಲಿ ಸ್ಕೀ ಕಲಿಸುವ ಮೇಷ್ಟರು ಕೆಂಪು ಜಾಕೆಟಿನಲ್ಲೇ ನಿಂತಿರುತ್ತಾರೆ, ಇನ್ನೊಂದು ತುದಿಯಲ್ಲಿ ಲಿಫ್ಟ್ ನೋಡಿಕೊಳ್ಳುವವರು, ನಡುವೆ ಪೋಲೆಂಡಿನಿಂದ ಬಸ್ಸಿನಲ್ಲಿ ಬಂದ ಹುಡುಗರು, ಮಿಲಾನಿನ ಕುಟುಂಬಗಳು. ಸಂಜೆಯ ಬೆಲೆ ತೂಗಬೇಕಾದದ್ದು ಇಲ್ಲಿ ಎನ್ನುವುದು ನನ್ನ ಅಭಿಪ್ರಾಯ: ಆ ಊರಿನಲ್ಲಿ ದುಡಿಯುವವರಿಗೇ ಆ ಊರಿನ ಬಾರಿಗೆ ಹೋಗಲು ಸಾಧ್ಯವೇ? ಆಲ್ಪ್ಸ್‌ನ ದುಬಾರಿ ಊರುಗಳಲ್ಲಿ ಇದಕ್ಕೆ ಉತ್ತರ ಇಲ್ಲ ಎಂದೇ. ಅಲ್ಲಿ ಗ್ಲಾಸು ತುಂಬಿಸುವವರು ಒಂದು ಕಡೆ, ಕುಡಿಯುವವರು ಇನ್ನೊಂದು ಕಡೆ. ಎರಡೂ ಗುಂಪು ಎಂದೂ ಒಟ್ಟಿಗೆ ನಿಲ್ಲುವುದಿಲ್ಲ. ಲಿವಿನ್ಯೊದಲ್ಲಿ ನಿಲ್ಲುತ್ತವೆ. ಹೊರಗಿನವನಿಗೂ ಆಗ ಸ್ವಲ್ಪ ಹೊತ್ತು ಆ ಊರಿನವನಾಗುವ ಅವಕಾಶ ಸಿಗುತ್ತದೆ. ಇದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಇನ್ನೊಂದು ಮಾತನ್ನೂ ಇಲ್ಲಿಯೇ ಸೇರಿಸಬೇಕು. ಸಂಜೆಯ ಖರ್ಚಿನಲ್ಲಿ ಮನೆ ಸೇರುವ ಖರ್ಚೂ ಸೇರಿದೆ. ಲಿವಿನ್ಯೊ ಒಂದೇ ಉದ್ದ ಬೀದಿಯ ಊರು. ನಡುವಿನ ಭಾಗದಲ್ಲಿ ಕಾರಿಗೆ ಪ್ರವೇಶವಿಲ್ಲ, ಒಂದು ಗುಡ್ಡದ ಬುಡದಿಂದ ಇನ್ನೊಂದರ ಬುಡಕ್ಕೆ ಬಸ್ಸು ಪುಕ್ಕಟೆ. ಕುಡಿದವನು ಸ್ಟೀರಿಂಗ್ ಮುಟ್ಟುವ ಪ್ರಸಂಗವೇ ಬಾರದ ಹಾಗೆ ಊರು ರೂಪುಗೊಂಡಿದೆ. ಸ್ಪ್ರಿಟ್ಸ್ ಒಂದು ಯೂರೋ ಅಗ್ಗವಾಗುವುದಕ್ಕಿಂತ ಇದು ದೊಡ್ಡ ಉಪಕಾರ.

ಹಾಗಾದರೆ ವಿನಾಯಿತಿ ಕೆಡಿಸುವುದು ಎಲ್ಲಿ? ಬಾಟಲಿಯಲ್ಲಿ. ಬೀದಿಯ ಎರಡೂ ಬದಿಗೆ ಬೆಳಕು ಚೆಲ್ಲುವ ಮದ್ಯದ ಅಂಗಡಿಗಳಿವೆ. ಊರು ಬಿಟ್ಟು ಹೊರಡುವಾಗ ಫೊಸ್ಕಾನ್ಯೊದಲ್ಲಿ ಸುಂಕದ ಪೊಲೀಸರು ನಿಂತಿರುತ್ತಾರೆ. ಗಟ್ಟಿ ಮದ್ಯವಾದರೆ ತಲೆಗೆ ಒಂದೇ ಲೀಟರ್ ಒಯ್ಯಬಹುದು. ಊರೊಳಗೆ ಕುಡಿದು ಮುಗಿಸುವುದಕ್ಕೆ ಇಂಥ ಮಿತಿಯಿಲ್ಲ. ಆದ್ದರಿಂದ ಗುಂಪು ಕಟ್ಟಿಕೊಂಡು ಬಂದ ಯುವಕರು ವೋಡ್ಕಾ ಬಾಟಲಿಗಳನ್ನು ಕೊಂಡು ಬಾಡಿಗೆ ಮನೆಗೆ ಹೊತ್ತೊಯ್ಯುತ್ತಾರೆ, ಅಲ್ಲಿಯೇ ಕುಡಿದು ಹತ್ತು ಗಂಟೆಗೆ ತೂರಾಡುತ್ತ ಹೊರಬೀಳುತ್ತಾರೆ. ಹಣ ಉಳಿಯಿತು ಎಂಬುದು ನಿಜ. ಆದರೆ ಅಳತೆ ಹಾಕಿ ಕೊಡುವ ಕೈ ಅಲ್ಲಿಲ್ಲ, ಹೊಟ್ಟೆಗೆ ಆಹಾರವಿಲ್ಲ, ಸಾಕು ಮಾಡು ಎನ್ನುವ ಅಪರಿಚಿತರ ಕಣ್ಣಿಲ್ಲ. ದಿನವಿಡೀ ಒಣಗಾಳಿಯಲ್ಲಿ ಬೆವರಿ, ನೀರು ಕುಡಿಯಲು ಮರೆತು, ದಣಿದ ದೇಹದೊಳಗೆ ಮದ್ಯ ಇಳಿಯುವುದು ಬೇರೆಯೇ ರೀತಿ. ಅಗ್ಗ ಎನ್ನುವುದು ಗುಣವಾಗುವುದು ಜನ ಹೆಚ್ಚು ಹೊತ್ತು ಒಟ್ಟಿಗೆ ಕೂರುವಂತಾದಾಗ. ಜನರನ್ನು ಗೋಡೆಗಳ ನಡುವೆ ಚದುರಿಸುವ ಅಗ್ಗವನ್ನು ನಾನು ಹೊಗಳಲಾರೆ.

ಬೊಂಬಾರ್ದಿನೊ ಬಗ್ಗೆ ಹೇಳದೆ ಈ ಊರಿನ ವಿಮರ್ಶೆ ಮುಗಿಯದು. ಮೊಟ್ಟೆಯ ಲಿಕರ್ ಮತ್ತು ಬ್ರಾಂದಿಯನ್ನು ಕಾಯಿಸಿ, ಮೇಲೆ ಕಡೆದ ಕೆನೆ ಹಾಕಿ ಕೊಡುವ ಈ ಹಳದಿ ಪೇಯ ಹುಟ್ಟಿದ್ದು ಲಿವಿನ್ಯೊದ ಮೊತ್ತೊಲಿನೊ ಗುಡ್ಡದ ಮೇಲಿನ ಆಶ್ರಯಮನೆಯಲ್ಲಿ ಎಂದು ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ಇದಕ್ಕೆ ಕಾಫಿ ಬೆರೆಸಿದರೆ ಕಲಿಮೆರೊ. ಕೊರೆಯುವ ಗಾಳಿಯಲ್ಲಿ ಕೈಗವಸು ಬಿಚ್ಚಿ ಹಿಡಿದುಕೊಳ್ಳುವ ಮೊದಲ ಗ್ಲಾಸು ನಿಜಕ್ಕೂ ಅದ್ಭುತ. ಬಿಸಿ, ಸಿಹಿ, ಕೆನೆಯ ತಂಪು ಮೂರೂ ಒಂದೇ ಗುಟುಕಿನಲ್ಲಿ ಸಿಗುತ್ತವೆ. ಎರಡನೆಯದು ಅನವಶ್ಯಕ. ಸಿಹಿ ನಾಲಗೆಯನ್ನು ಮುಚ್ಚಿಬಿಡುತ್ತದೆ, ಮತ್ತು ಸಿಹಿಯ ಹಿಂದೆ ಎಷ್ಟು ಬ್ರಾಂದಿ ಹೋಯಿತೆಂದು ತಿಳಿಯುವುದಿಲ್ಲ. ಅದನ್ನು ಕುಡಿಯುವುದು ಬಹುಮಟ್ಟಿಗೆ ಮಧ್ಯಾಹ್ನ, ಗುಡ್ಡದ ಮೇಲೆ, ಇನ್ನೂ ಕೆಳಗಿಳಿಯುವುದು ಬಾಕಿಯಿರುವಾಗ. 2022ರ ಜನವರಿಯಿಂದ ಇಟಲಿಯಲ್ಲಿ ಕುಡಿದು ಸ್ಕೀ ಮಾಡುವುದು ಅಪರಾಧ. ರಕ್ತದಲ್ಲಿ ಲೀಟರಿಗೆ ಅರ್ಧ ಗ್ರಾಂ ದಾಟಿದರೆ 250 ಯೂರೋದಿಂದ ದಂಡ ಶುರುವಾಗುತ್ತದೆ, ಕಾರು ಓಡಿಸುವವರಿಗಿರುವ ಮಿತಿಯೇ ಇದು. ಈ ಕಾನೂನನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಸಂಜೆಯ ಇಳಿದಾರಿಯಲ್ಲಿ ಮಕ್ಕಳೂ ಇರುತ್ತಾರೆ. ಬೊಂಬಾರ್ದಿನೊ ಬೇಕೆಂದರೆ ಕೆಳಗಿಳಿದು, ಸ್ಕೀ ಕಳಚಿ ಗೋಡೆಗೆ ಒರಗಿಸಿ ಕುಡಿಯಬೇಕು.

ಹಾಗೆ ಕಳಚಿ ಕುಡಿಯುವ ಜಾಗಗಳಿಗೆ ಇಲ್ಲಿ ಕೊರತೆಯಿಲ್ಲ. ಮೊತ್ತೊಲಿನೊ ಬುಡದಲ್ಲಿ ತೆಆ ದೆಲ್ ವಿದಾಲ್, ಕರೊಸೆಲ್ಲೊ 3000 ಎಂಬ ಸ್ಕೀ ಪ್ರದೇಶದ ಕಡೆ ಸ್ತಾಲೆಟ್, ಎರಡೂ ನಾಲ್ಕು ಗಂಟೆಗೆ ತುಂಬಿಕೊಳ್ಳುತ್ತವೆ. ಬೂಟು ಹಾಕಿಕೊಂಡೇ ಕುಣಿಯುವುದು, ಬಯಲಲ್ಲಿ ಡಿಜೆ, ಹಬೆಯಾಡುವ ಗ್ಲಾಸುಗಳು. ಆಸ್ಟ್ರಿಯದ ಇಶ್‌ಗ್ಲ್, ಸೇಂಟ್ ಆಂಟನ್‌ಗಳಲ್ಲಿ ಈ ಕುಣಿತ ಒಂದು ಉದ್ಯಮವೇ ಆಗಿದೆ. ತಗ್ಗು ಮಾಡಿನ ಮರದ ಕೋಣೆಗಳಲ್ಲಿ ಉಸಿರಾಡಲು ಜಾಗವಿಲ್ಲದಷ್ಟು ಜನ. 2020ರ ಮಾರ್ಚಿನಲ್ಲಿ ಇಶ್‌ಗ್ಲ್‌ನ ಅಂಥ ಬಾರುಗಳಿಂದ ಕೊರೊನಾ ಸೋಂಕು ಯುರೋಪಿನ ಹಲವು ದೇಶಗಳಿಗೆ ಹರಡಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಲಿವಿನ್ಯೊದ ಕುಣಿತ ಬಹುಪಾಲು ಆಕಾಶದ ಕೆಳಗೆ ನಡೆಯುತ್ತದೆ, ಏಳು ಎಂಟಕ್ಕೆ ತಣ್ಣಗಾಗುತ್ತದೆ. ಸಂಗೀತದ ಆಯ್ಕೆ ಮಾತ್ರ ಯಾವ ಊರಿನದೂ ಅಲ್ಲದ್ದು. ಇಬಿಸಾ ದ್ವೀಪದ ಕ್ಲಬ್ಬುಗಳಲ್ಲಿ ಕೇಳಿದ್ದನ್ನೇ ಹಿಮದಲ್ಲಿ ಕೇಳುವುದಕ್ಕೆ ಇಷ್ಟು ಎತ್ತರ ಹತ್ತಬೇಕಿರಲಿಲ್ಲ.

ಎಂಟರಿಂದ ಹತ್ತರವರೆಗೆ ಬೀದಿ ಖಾಲಿ. ಎಲ್ಲರೂ ಊಟಕ್ಕೆ ಕೂತಿರುತ್ತಾರೆ. ಕುಡಿತದ ನಡುವೆ ಎರಡು ಗಂಟೆ ಊಟವನ್ನು ಇಡುವ ಈ ಶಿಸ್ತು ನನಗೆ ಅತ್ಯಂತ ಮೆಚ್ಚುಗೆಯಾದದ್ದು. ಮಾಂಸ ತಿನ್ನದ ಕನ್ನಡಿಗರು ಆಲ್ಪ್ಸ್‌ನಲ್ಲಿ ಪಡುವ ಪಾಡು ಸಣ್ಣದಲ್ಲ. ಆದರೆ ಈ ಸೀಮೆಯ ಹೆಸರುವಾಸಿ ಅಡುಗೆ ಪಿಟ್ಸೊಕ್ಕೆರಿಯಲ್ಲಿ ಮಾಂಸವಿಲ್ಲ. ಬಕ್‌ವೀಟ್ ಎಂಬ ಧಾನ್ಯದ ಹಿಟ್ಟಿನ ಕಂದು ಪಟ್ಟಿಗಳು, ಆಲೂಗಡ್ಡೆ, ಎಲೆಕೋಸು, ಕಸೇರಾ ಗಿಣ್ಣು, ಬೆಳ್ಳುಳ್ಳಿ ಹಾಕಿ ಕಾಯಿಸಿದ ಬೆಣ್ಣೆ ಧಾರಾಳ. ಒಂದು ತಟ್ಟೆ ಇಬ್ಬರ ಹೊಟ್ಟೆ ತುಂಬುವಷ್ಟು ಗಟ್ಟಿ. ಅದರ ಮೇಲೆ ಒಂದು ಸಣ್ಣ ಗ್ಲಾಸು ಬ್ರಾವುಲಿಯೊ ತೆಗೆದುಕೊಳ್ಳಬೇಕು. ಪಕ್ಕದ ಬೋರ್ಮಿಯೊದಲ್ಲಿ 1875ರಲ್ಲಿ ಪೆಲೋನಿ ಎಂಬ ಔಷಧಿಗಾರ ತಯಾರಿಸಿದ ಕಹಿಮದ್ಯ ಇದು. ಜುನಿಪರ್, ಜೆನ್ಶನ್, ಬೆಟ್ಟದ ಇತರ ಮೂಲಿಕೆಗಳು ಇದರಲ್ಲಿವೆ, ಓಕ್ ಪೀಪಾಯಿಗಳಲ್ಲಿ ಮಾಗಿಸುತ್ತಾರೆ. ಈ ಸೀಮೆಯಲ್ಲಿ ಕುಡಿಯಬೇಕಾದ ಒಂದೇ ಒಂದನ್ನು ಆರಿಸು ಎಂದರೆ ನಾನು ಬೊಂಬಾರ್ದಿನೊ ಬಿಟ್ಟು ಇದನ್ನು ಆರಿಸುತ್ತೇನೆ. ಆ ಬೆಟ್ಟದಲ್ಲಿ ಬೇಸಿಗೆಯಲ್ಲಿ ಬೆಳೆಯುವುದರ ರುಚಿ ಚಳಿಗಾಲದಲ್ಲಿ ಬಾಯಿಗೆ ಬರುವುದು ಇದೊಂದರಲ್ಲೇ.

ಹತ್ತರ ನಂತರದ ಲಿವಿನ್ಯೊ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಪಬ್ಬುಗಳಿವೆ, ಡಿಸ್ಕೋ ಇದೆ, ಮೂರು ಗಂಟೆಗೆ ದೇಶದ ಕಾನೂನಿನಂತೆ ಮದ್ಯ ಕೊಡುವುದನ್ನು ನಿಲ್ಲಿಸುತ್ತಾರೆ. ಇಡೀ ರಾತ್ರಿ ಕುಣಿಯಲೆಂದೇ ಬರುವವರಿಗೆ ಆಸ್ಟ್ರಿಯವೇ ಸರಿ. ಸಂಜೆಯಲ್ಲಿ ಕಂಡ ಊರಿನ ಗುಣ ಇಲ್ಲಿ ಕಾಣುವುದಿಲ್ಲ. ಮೇಷ್ಟರು, ಲಿಫ್ಟಿನವರು ಆಗಲೇ ಮಲಗಿರುತ್ತಾರೆ.

ಕುಡಿಯದವರನ್ನು ಒಂದು ಊರು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನೂ ನಾನು ಅಳತೆಗೆ ತೆಗೆದುಕೊಳ್ಳುತ್ತೇನೆ. ನಮ್ಮ ಗುಂಪುಗಳಲ್ಲಿ ಅಂಥವರು ಇದ್ದೇ ಇರುತ್ತಾರೆ. ಬಿಯರ್ ಮುಖ್ಯವಾದ ಕಡೆ ಅವರ ಕೈಗೆ ಕೋಲಾ ಕೊಟ್ಟು ಕೂರಿಸುತ್ತಾರೆ. ಇಟಲಿಯಲ್ಲಿ ಮದ್ಯವಿಲ್ಲದ ಅಪೆರಿತಿವೊ 1960ರ ದಶಕದಿಂದಲೇ ಇದೆ: ಕ್ರೊದಿನೊ ಎಂಬ ಕಿತ್ತಳೆ ಬಣ್ಣದ, ಕಹಿಸಿಹಿಯ ಸಣ್ಣ ಬಾಟಲಿ. ಅದನ್ನು ಸ್ಪ್ರಿಟ್ಸ್‌ನ ಗ್ಲಾಸಿನಲ್ಲೇ ಮಂಜುಗಡ್ಡೆ, ಕಿತ್ತಳೆ ಹೋಳು ಹಾಕಿ ಕೊಡುತ್ತಾರೆ, ಆಲಿವ್ ಅದಕ್ಕೂ ಬರುತ್ತದೆ. ಕೌಂಟರಿನಲ್ಲಿ ಯಾರು ಕುಡಿಯುತ್ತಿದ್ದಾರೆ, ಯಾರು ಕುಡಿಯುತ್ತಿಲ್ಲ ಎಂದು ನೋಡಿದರೆ ಗೊತ್ತಾಗುವುದೇ ಇಲ್ಲ. ಚಮಚ ನೆಟ್ಟಗೆ ನಿಲ್ಲುವಷ್ಟು ಮಂದವಾದ ಬಿಸಿ ಚಾಕೊಲೇಟು ಬೇರೆ ಇದೆ.

2026ರ ಫೆಬ್ರವರಿಯ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡ್ ಮತ್ತು ಫ್ರೀಸ್ಟೈಲ್ ಸ್ಪರ್ಧೆಗಳು ಇದೇ ಕಣಿವೆಯ ಪಾಲಿಗೆ ಬಂದವು. ಹೆಸರು ಬಂದ ಊರಿಗೆ ಹಣವಂತರು ಬರುತ್ತಾರೆ, ಕೋಣೆಯ ಬಾಡಿಗೆ ಏರುತ್ತದೆ. ಸುಂಕದ ವಿನಾಯಿತಿ ಅದನ್ನು ತಡೆಯಲಾರದು. ಬಾಟಲಿ ಅಗ್ಗವಾಗಿಯೇ ಉಳಿದರೂ ಕೌಂಟರಿನ ಗ್ಲಾಸು ಹತ್ತು ಯೂರೋ ಮುಟ್ಟಿದರೆ ಮೊದಲು ಕಾಣೆಯಾಗುವವರು ಆ ಕೆಂಪು ಜಾಕೆಟಿನವರು. ಅಗ್ಗದ ಸ್ಕೀ ರಜೆ ಹುಡುಕುವ ಗೆಳೆಯರಿಗೆ ನಾನು ಲಿವಿನ್ಯೊವನ್ನೇ ಹೇಳುತ್ತೇನೆ, ಜನವರಿ 6ರ ಹಬ್ಬ ಮುಗಿದು ಇಟಲಿಯವರು ಕೆಲಸಕ್ಕೆ ಮರಳಿದ ಮೇಲಿನ ವಾರಗಳಲ್ಲಿ ಹೋಗಿ ಎನ್ನುತ್ತೇನೆ. ಆಗ ಕೋಣೆಗಳ ಬೆಲೆ ಇಳಿದಿರುತ್ತದೆ, ಕೌಂಟರಿನಲ್ಲಿ ಮೊಣಕೈ ಊರಲು ಜಾಗವೂ ಸಿಗುತ್ತದೆ.