ನೆಲ ಮುಟ್ಟದ ಪಾದ
ಮೋಟಾರ್‌ಸೈಕಲ್ ಟ್ರಯಲ್ಸ್‌ನಲ್ಲಿ ವೇಗಕ್ಕೆ ಬೆಲೆಯಿಲ್ಲ, ಸಮತೋಲನವೇ ಎಲ್ಲ. ಬಂಡೆ, ತೊರೆ, ಜಾರುವ ಬೇರುಗಳ ನಡುವೆ ಕಾಲು ಒಮ್ಮೆ ನೆಲ ಮುಟ್ಟಿದರೆ ಒಂದು ದಂಡದಂಕ, ಗಾಡಿ ಉರುಳಿದರೆ ಐದು. ಕ್ಲಚ್ ಮೇಲಿನ ಬೆರಳು, ಮುಂದಿನ ಕಲ್ಲನ್ನು ಅಳೆಯುವ ಕಣ್ಣು ಇಲ್ಲಿ ತೋಳ್ಬಲಕ್ಕಿಂತ ದೊಡ್ಡವು. 1985ರಲ್ಲಿ ಸ್ಪೇನ್‌ನ ಕ್ಯಾಟಲೋನಿಯಾದಲ್ಲಿ ಹುಟ್ಟಿದ ಲಾಯಾ ಸಾನ್ಸ್ ಈ ಕಲೆಯಲ್ಲಿ 13 ಬಾರಿ ಮಹಿಳಾ ವಿಶ್ವ ಚಾಂಪಿಯನ್.

ಮಹಿಳಾ ವಿಭಾಗದಲ್ಲಿ ಸ್ಪರ್ಧಿಗಳೇ ಕಡಿಮೆ, ಆ ಸಂಖ್ಯೆಯನ್ನು ತೂಗಿ ನೋಡಬೇಕು ಎನ್ನಬಹುದು. ತೂಗೋಣ. 2015ರ ಡಾಕಾರ್ ರ‍್ಯಾಲಿಯಲ್ಲಿ ಗಂಡು ಹೆಣ್ಣಿಗೆ ಬೇರೆ ಬೇರೆ ಗಡಿಯಾರವಿರಲಿಲ್ಲ. ಬೈಕ್ ಸವಾರರೆಲ್ಲರ ನಡುವೆ ಆಕೆ 9ನೆಯವರು. ಮರುಭೂಮಿಯ ಓಟಕ್ಕೂ ಟ್ರಯಲ್ಸ್‌ಗೂ ಏನು ನಂಟು ಎಂದರೆ, ದಿನಗಟ್ಟಲೆ ದಣಿದ ಮೇಲೂ ಕಲ್ಲು ಮರಳಿನಲ್ಲಿ ಭಾರದ ಗಾಡಿಯನ್ನು ಬೀಳಗೊಡದೆ ನಡೆಸುವ ಹದವೇ ಆ ನಂಟು. 2011ರಿಂದ 2021ರವರೆಗೆ ಬೈಕಿನಲ್ಲಿ ಹೊರಟ ಹನ್ನೊಂದು ಡಾಕಾರ್‌ಗಳಲ್ಲಿ ಹನ್ನೊಂದನ್ನೂ ಆಕೆ ಮುಗಿಸಿದರು.