ಮಗ್ಗದ ಸದ್ದಿನಲ್ಲಿ ಕೇಳುವ ಕಿವಿ

ರಬಕವಿ-ಬನಹಟ್ಟಿಯ ಪವರ್‌ಲೂಮ್ ಶೆಡ್ಡಿನಲ್ಲಿ ಎಲ್ಲರೂ ಕೂಗಿಯೇ ಮಾತಾಡಬೇಕು. ನಡುಗಿವಿಯ ಮೂಳೆ ಹುಟ್ಟಿನಿಂದಲೇ ಬಿಗಿದುಕೊಂಡ ಮಗು ಅಲ್ಲಿ ಎಲ್ಲರ ಸಮ. ಗದ್ದಲ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ, ಕೂಗಿದ ಮಾತು ಮುಟ್ಟುತ್ತದೆ. 17ನೇ ಶತಮಾನದ ಇಂಗ್ಲಿಷ್ ವೈದ್ಯ ಥಾಮಸ್ ವಿಲ್ಲಿಸ್ ಇಂಥದೇ ಒಬ್ಬ ಹೆಂಗಸಿನ ಕಥೆ ಬರೆದಿದ್ದಾನೆ. ಡೋಲು ಬಾರಿಸಿದಾಗಷ್ಟೇ ಅವಳಿಗೆ ಮಾತು ಕೇಳುತ್ತಿತ್ತಂತೆ. ಪಾಪ, ಗಂಡ ಅದಕ್ಕೆಂದೇ ಡೋಲಿನವನನ್ನು ಆಳಾಗಿ ಇಟ್ಟುಕೊಂಡಿದ್ದ!

ಮಗ್ಗದ ಮನೆಯಲ್ಲಿ ಕೇಳುವ ಮಗು ಶಾಲೆಯಲ್ಲಿ ‘ಲಕ್ಷ್ಯ ಇಲ್ಲದವ’ ಆಗುತ್ತದೆ. ಕಿವಿ ಸೋರುವುದಿಲ್ಲ, ತಮಟೆ ತೂತಾಗಿಲ್ಲ, ಟಾರ್ಚು ಬಿಟ್ಟು ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಶ್ರುತಿಕವೆಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರೆ ಗಾಳಿಗಿಂತ ಅಲ್ಲೇ ಜೋರಾಗಿ ಕೇಳುತ್ತದೆ. ಗುಟ್ಟು ಅಲ್ಲಿಗೆ ಬಯಲು. ಮಕ್ಕಳ ಆರೋಗ್ಯ ತಪಾಸಣೆಯ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ 2013ರಿಂದ ಶ್ರವಣದೋಷವೂ ಇದೆ. ಆದರೆ ಅರೆಗಿವುಡು ಕಣ್ಣಿಗೆ ಬೀಳುವುದು ಕಷ್ಟ.

ಬಿಗಿದ ಮೂಳೆಗೆ ಮಾಡುವ ಶಸ್ತ್ರಚಿಕಿತ್ಸೆಯ ಕೈಚಳಕ ಮೆಚ್ಚುವಂಥದೇ. ತಮಟೆಯನ್ನು ಸರಿಸಿ, ನಡುಗಿವಿಯ ಅಲುಗದ ರಿಕಾಪು ಮೂಳೆಯ ಪಾದದಲ್ಲಿ ರಂಧ್ರ ಕೊರೆದು, ಪುಟ್ಟ ಟೆಫ್ಲಾನ್ ಪಿಸ್ಟನ್ನನ್ನು ಪಕ್ಕದ ಅಡಿಗಲ್ಲು ಮೂಳೆಗೆ ಸಿಕ್ಕಿಸುತ್ತಾರೆ. ಅಮೆರಿಕದ ಜಾನ್ ಶೇ 1956ರಲ್ಲಿ ಕೃತಕ ರಿಕಾಪು ಕೂರಿಸಿ ಈ ದಾರಿ ತೆರೆದ. ಆತನ ರೋಗಿಗಳ ಮೂಳೆ ಮಾತ್ರ ಮೊದಲು ಸರಿಯಿದ್ದು ಆಮೇಲೆ ಬಿಗಿದದ್ದು. ಹುಟ್ಟುದೋಷದ ಕಿವಿಯ ನಕ್ಷೆಯೇ ಬೇರೆ. ಮುಖದ ನರ ದಾರಿಗೆ ಅಡ್ಡ ಮಲಗಿರಬಹುದು. ರಂಧ್ರ ಕೊರೆದೊಡನೆ ಒಳಗಿವಿಯ ದ್ರವ ಚಿಮ್ಮಿ, ಇದ್ದ ಶ್ರವಣವೂ ಹೋಗಬಹುದು. ಸಿ.ಟಿ. ಸ್ಕ್ಯಾನ್ ಕೆಲವನ್ನು ಮೊದಲೇ ತೋರಿಸುತ್ತದೆ, ಎಲ್ಲವನ್ನೂ ಅಲ್ಲ.

1993ರಲ್ಲಿ ಡಚ್ ವೈದ್ಯರು ಇಂಥ 144 ಕಿವಿಗಳನ್ನು ನೋಡಿ ದೋಷಗಳನ್ನು ನಾಲ್ಕು ಗುಂಪು ಮಾಡಿದರು. ರಿಕಾಪು ಮಾತ್ರ ಬಿಗಿದಿದ್ದರೆ ಫಲ ಚೆನ್ನ. ಒಳಗಿವಿಯ ಕಿಟಕಿಯೇ ಇಲ್ಲದಿದ್ದರೆ ಕತ್ತಿಗೆ ಹೆಚ್ಚು ಕೆಲಸವಿಲ್ಲ. ಅಂಥ ಕಡೆ ಏನೂ ಮಾಡದೆ ತಮಟೆಯನ್ನು ಮೊದಲಿದ್ದಂತೆ ಹಾಸಿ ಬರುವ ವೈದ್ಯನೇ ನನಗೆ ದೊಡ್ಡವನು. ಈ ದೋಷ ಸಾಮಾನ್ಯವಾಗಿ ಬೆಳೆಯುವುದಿಲ್ಲ, ಕಾಯಬಹುದು. ಒಂದು ಕಿವಿ ಚೆನ್ನಾಗಿದ್ದರಂತೂ ಅವಸರವೇ ಇಲ್ಲ. ಎರಡೂ ಮಂದವಾದರೆ ಮೊದಲು ಶ್ರವಣಸಾಧನ, ಆಪರೇಷನ್ ಆಮೇಲೆ. ಮಾತು ಕಲಿಯುವ ವಯಸ್ಸು ಮಾತ್ರ ಕಾಯುವುದಿಲ್ಲ.

ಜಮಖಂಡಿ, ಮುಧೋಳ, ಬೀಳಗಿಯ ಮನೆಗಳಲ್ಲಿ ಕಿವಿಗೆ ಮಷಿನ್ ಎಂದೊಡನೆ ‘ನಾಳೆ ಹೆಣ್ಣು ಯಾರು ಕೊಡ್ತಾರ್ರೀ?’ ಎನ್ನುವ ಚಿಂತೆ. ‘ಆಪರೇಷನ್ನೇ ಮಾಡಿಬಿಡ್ರಿ’ ಎಂಬ ಒತ್ತಾಯದಲ್ಲಿ ಎಷ್ಟೋ ಸಲ ಮಾತಾಡುವುದು ಆ ಭಯವೇ. ಅದನ್ನು ಅಳೆಯಲು ಆಡಿಯೋಗ್ರಾಮಿನಲ್ಲಿ ಮನೆಯಿಲ್ಲ.